ಕೊನೆಯ ಕರಿ ಕ್ಲಿಪ್ ಎಲ್ಲಿಗೆ?

ಪ್ರಶ್ನೆ: ಮಳೆ ಅಂತ ಕಾರು ಇಪ್ಪತ್ತು ದಿನ ಶೆಡ್ಡಿನಲ್ಲೇ ಇತ್ತು. ಕೀ ತಿರುಗಿಸಿದರೆ ಬರೀ ಟಕ್ ಟಕ್ ಸದ್ದು. ಪಕ್ಕದ ಮನೆಯವರ ಕಾರಿನಿಂದ ಕೇಬಲ್ ಹಾಕಿ ಸ್ಟಾರ್ಟ್ ಮಾಡಿದೆವು. ಕೊನೆಯ ಕ್ಲಿಪ್ ಬ್ಯಾಟರಿಗೆ ಹಾಕುವಾಗ ಚಟ್ ಅಂತ ಕಿಡಿ ಹಾರಿತು, ಮಗಳು ಕಿರುಚಿಕೊಂಡಳು. ಹತ್ತು ನಿಮಿಷ ಅಂಗಳದಲ್ಲೇ ಓಡಿಸಿ ಆಫ್ ಮಾಡಿದೆ. ಬೆಳಿಗ್ಗೆ ಮತ್ತೆ ಅದೇ ಕಥೆ. ಬ್ಯಾಟರಿ ಹೋಯ್ತಾ?
– ಓದುಗರು, ಸಾಗರ

ಉತ್ತರ: ಮಗಳು ಹೆದರಿದ್ದು ಸರಿಯಾಗೇ ಇದೆ. ಚಾರ್ಜ್ ಆಗುವಾಗ ಬ್ಯಾಟರಿಯಿಂದ ಹೈಡ್ರೋಜನ್ ಬರುತ್ತದೆ, ಅದಕ್ಕೆ ಕಿಡಿ ತಾಗಿದರೆ ಬ್ಯಾಟರಿ ಸಿಡಿದು ಆಸಿಡ್ ಮುಖಕ್ಕೇ ಎರಚಬಹುದು. ಕೊನೆಯ ಕ್ಲಿಪ್ಪಿನಲ್ಲಿ ಕಿಡಿ ಬರೋದು ಸಹಜ. ಅದು ಬ್ಯಾಟರಿ ಪಕ್ಕ ಬರಬಾರದು, ಅಷ್ಟೇ. ಹಾಗಾಗಿ ಮೊದಲು ಕೆಂಪು ಕ್ಲಿಪ್ ನಿಮ್ಮ ಬ್ಯಾಟರಿಯ ಪ್ಲಸ್‌ಗೆ, ಅದರ ಇನ್ನೊಂದು ತುದಿ ಅವರ ಪ್ಲಸ್‌ಗೆ. ಆಮೇಲೆ ಕರಿದು ಅವರ ಮೈನಸ್‌ಗೆ, ಕೊನೆಯದು ನಿಮ್ಮ ಇಂಜಿನ್ನಿನ ಯಾವುದಾದರೂ ಪೇಂಟ್ ಇಲ್ಲದ ಕಬ್ಬಿಣಕ್ಕೆ, ಬ್ಯಾಟರಿಯಿಂದ ದೂರ. ಬಿಚ್ಚುವಾಗ ಇದೇ ಉಲ್ಟಾ. ಬ್ಯಾಟರಿ ಉಬ್ಬಿದ್ದರೆ, ಬಿರುಕು ಬಿಟ್ಟಿದ್ದರೆ ಕೇಬಲ್ ಮುಟ್ಟಲೇಬೇಡಿ.

ಇನ್ನೊಂದು ಮಾತು. ದಾರಿಯಲ್ಲಿ ಕೆಟ್ಟು ನಿಂತಾಗ ಲಾರಿಯವರು ‘ಬನ್ನಿ ಸಾರ್, ನಾನೇ ಕರೆಂಟ್ ಕೊಡ್ತೀನಿ’ ಅಂತ ಒಳ್ಳೆ ಮನಸ್ಸಿನಿಂದಲೇ ಹೇಳುತ್ತಾರೆ, ಆದರೆ ದೊಡ್ಡ ಲಾರಿಗಳದ್ದು 24 ವೋಲ್ಟ್, ನಿಮ್ಮ ಕಾರಿಂದು 12, ಕಾರಿನ ಎಲೆಕ್ಟ್ರಾನಿಕ್ಸೇ ಸುಟ್ಟುಹೋಗಬಹುದು. ಕೈಮುಗಿದು ಬೇಡ ಅನ್ನಿ.

ಈಗ ಬೆಳಗಿನ ಕಥೆ. ಅಂಗಳದ ಹತ್ತು ನಿಮಿಷಕ್ಕೆ ಖಾಲಿ ಬ್ಯಾಟರಿ ತುಂಬೋದಿಲ್ಲ. ಚಾರ್ಜರ್ ಹಾಕಿ ನಿಧಾನಕ್ಕೆ ತುಂಬಿಸಿ. 35 ಆಂಪಿಯರ್-ಅವರ್ (ಬ್ಯಾಟರಿ ಎಷ್ಟು ಚಾರ್ಜ್ ಹಿಡಿಯುತ್ತದೆ ಅನ್ನೋ ಅಳತೆ) ಬ್ಯಾಟರಿಗೆ ಚಾರ್ಜರಿನಿಂದ ಮೂರೂವರೆ ಆಂಪಿಯರ್ ಕರೆಂಟ್ ಸಾಕು, ರಾತ್ರಿಯಿಡೀ ಬೇಕಾಗುತ್ತದೆ. ಕ್ಲಿಪ್ ಹಾಕಿದ ಮೇಲೆ ಸ್ವಿಚ್ ಆನ್, ಆಫ್ ಮಾಡಿದ ಮೇಲೆ ಕ್ಲಿಪ್ ತೆಗೆಯೋದು. ಶೆಡ್ಡಿನ ಬಾಗಿಲು ತೆರೆದಿರಲಿ, ಅಲ್ಲಿ ಬೀಡಿ ಹಚ್ಚಬೇಡಿ. ಚಾರ್ಜರ್ ತೆಗೆದು ಕೆಲವು ಗಂಟೆ ಬಿಟ್ಟು ಮೀಟರ್ ಹಿಡಿದರೆ ಸುಮಾರು 12.6 ವೋಲ್ಟ್ ತೋರಿಸಬೇಕು. ಮರುದಿನ 12ಕ್ಕಿಂತ ಕೆಳಗೆ ಬಿದ್ದಿದ್ದರೆ ಒಂದೋ ಬ್ಯಾಟರಿ ಮುಗಿದಿದೆ, ಇಲ್ಲಾ ಕಾರಿನಲ್ಲಿ ಏನೋ ಸುಮ್ನೆ ಕರೆಂಟ್ ತಿನ್ನುತ್ತಿದೆ. ಡಿಕ್ಕಿಯ ಲೈಟು, ಡ್ಯಾಶ್‌ಕ್ಯಾಮ್ ಮೊದಲು ನೋಡಿ. ಮೂರ್ನಾಲ್ಕು ವರ್ಷ ಹಳೆಯದಾದರೆ ನನಗೆ ಬ್ಯಾಟರಿ ಮೇಲೇ ಅನುಮಾನ ಜಾಸ್ತಿ.

ಪ್ರಶ್ನೆ: ಬ್ಯಾಟರಿಗೆ ಮಳೆನೀರು ಹಿಡಿದು ಹಾಕಬಹುದಾ? ಟರ್ಮಿನಲ್ ಮೇಲೆ ಬಿಳಿ ಪುಡಿ ಬೇರೆ ಬರುತ್ತಿದೆ.
– ಓದುಗರು, ಮೂಡಿಗೆರೆ

ಉತ್ತರ: ಹಂಚಿನ ಮೇಲಿಂದ ಇಳಿದ ನೀರಲ್ಲಿ ಮಣ್ಣು, ಪಾಚಿ ಎಲ್ಲಾ ಇರುತ್ತದೆ ಅಲ್ವಾ? ಬೇಡ. ಬೋರ್‌ವೆಲ್ ನೀರಂತೂ ಬೇಡವೇ ಬೇಡ. ಡಿಸ್ಟಿಲ್ಡ್ ವಾಟರ್ ಮಾತ್ರ. ಆಸಿಡ್ಡೂ ಹಾಕಬೇಡಿ, ಆರಿಹೋಗೋದು ನೀರು ಮಾತ್ರ. ಪುಡಿಗೆ ಬಿಸಿನೀರಲ್ಲಿ ಅಡುಗೆ ಸೋಡಾ ಕರಗಿಸಿ, ಹಳೆ ಬ್ರಶ್ಶಲ್ಲಿ ಉಜ್ಜಿ. ಮುಚ್ಚಳ ಭದ್ರವಾಗಿರಲಿ, ಸೋಡಾ ನೀರು ಒಳಗೆ ಇಳಿಯಬಾರದು. ಉಂಗುರ, ಕಡಗ ತೆಗೆದಿಟ್ಟು ಮೈನಸ್ ಮೊದಲು ಬಿಚ್ಚಿ. ಪ್ಲಸ್ ಬಿಚ್ಚುವಾಗ ಸ್ಪ್ಯಾನರ್ ಕಾರಿನ ಕಬ್ಬಿಣಕ್ಕೆ ತಾಗಿದರೂ ಆಗ ಏನೂ ಆಗೋದಿಲ್ಲ. ಮತ್ತೆ ಹಾಕುವಾಗ ಮೈನಸ್ ಕೊನೆಗೆ. ಕಾರಿನ ಗಡಿಯಾರ ಮಾತ್ರ ಸರಿ ಮಾಡಿಕೊಳ್ಳಬೇಕಾದೀತು.