ಒಂದೇ ಕಿಂಡಿ ತೆರೆದರೆ ಹತ್ತುಮೀನು ಮೇಲೆ ಬರಲ್ಲ

ತೀರ್ಥಹಳ್ಳಿ ಕಡೆಯ ನಿಮ್ಮ ಹಳ್ಳದ ಕಿಂಡಿ ಅಣೆಕಟ್ಟಿನಲ್ಲಿ ಒಂದು ಕಿಂಡಿ ತೆರೆದಿಟ್ಟರೂ ಹತ್ತುಮೀನು (ಮುಂಗಾರಿನಲ್ಲಿ ಮೊಟ್ಟೆಯಿಡಲು ಹಳ್ಳ ಹತ್ತಿ ಬರೋ ಮೀನು) ಮೇಲೆ ಬರ್ತಿಲ್ಲ ಯಾಕೆ ಅಂತ ಕೇಳಿದ್ದೀರಿ. ತೊಂದರೆ ಇರೋದು ಆ ಒಂದೇ ಕಿಂಡಿಯಲ್ಲಿ. ಮೇಲಿನ ನೀರಿಗೂ ಕೆಳಗಿನ ನೀರಿಗೂ 50 ಸೆಂ.ಮೀ. ವ್ಯತ್ಯಾಸವಿದ್ದರೆ ಅಲ್ಲಿ ನೀರು ಸೆಕೆಂಡಿಗೆ ಸುಮಾರು 3 ಮೀಟರ್ ವೇಗದಲ್ಲಿ ನುಗ್ಗುತ್ತೆ. ಗೇಣುದ್ದದ ಮೀನು ಅದಕ್ಕೆದುರು ಈಜಲಾರದು.

ಮೇ ಕೊನೆಯಲ್ಲಿ, ಮುಂಗಾರಿನ ಮೊದಲ ಕೆಂಪು ನೀರು ಬರುವ ಮುಂಚೆ, ಎಲ್ಲ ಕಿಂಡಿಗಳ ಹಲಗೆ ತೆಗೀರಿ. ದಿನಕ್ಕೊಂದು ಸಾಲು, ಮೇಲಿಂದ ಕೆಳಕ್ಕೆ. ಒಮ್ಮೆಲೇ ಕಿತ್ತರೆ ಹೂಳು ಕೊಚ್ಚಿಕೊಂಡು ಹೋಗಿ ಕೆಳಗಿನ ಜಲ್ಲಿಯ ಸಂದು ಮುಚ್ಚುತ್ತೆ, ಅಲ್ಲಿಟ್ಟ ಮೊಟ್ಟೆಗೆ ಉಸಿರು ಸಿಗಲ್ಲ. ಬುಡದ ಹಲಗೆ ಹೂಳಲ್ಲಿ ಕಚ್ಚಿಕೊಂಡಿದೆ ಅಂತ ಬಿಟ್ಟುಬಿಡ್ತಾರೆ. ಮೀನಿಗೆ ಅದೂ ಗೋಡೆಯೇ.

ಕಾಂಕ್ರೀಟ್ ಹಾಸಿನ ಅಂಚಿನಿಂದ ನೀರು ಧುಮುಕುತ್ತಿದ್ದರೆ ದಪ್ಪ ಕಲ್ಲು ಪೇರಿಸಿ ಸುಮಾರು 15 ಸೆಂ.ಮೀ. ಎತ್ತರದ ಮೆಟ್ಟಿಲು ಮಾಡಿ, ಒಂದೊಂದರ ಬುಡದಲ್ಲೂ ಮೊಣಕಾಲುದ್ದದ ಗುಂಡಿ ಬಿಡಿ. ಗುಂಡಿಯಿಲ್ಲದೆ ಮೀನಿಗೆ ಜಿಗಿಯಲು ಆಯ ಸಿಗಲ್ಲ. ಸಿಮೆಂಟು ಮೆತ್ತಿ ನುಣುಪು ಮಾಡಬೇಡಿ.

ಜೂನಿನಲ್ಲಿ ಮಳೆ ನಾಲ್ಕು ದಿನ ಬಿಡುವು ಕೊಟ್ಟರೆ ಮತ್ತೆ ಹಲಗೆ ಹಾಕೋ ಆಸೆ ಬರುತ್ತೆ, ಹಾಕಬೇಡಿ. ಏರುವ ನೀರೇ ಮೀನಿಗೆ ಕರೆ. ಕೂಣಿ (ಮೀನು ಹಿಡಿಯೋ ಬೋನು) ಒಡ್ಡುವವರಿಗೂ ಒಂದು ಮಾತು ಹೇಳಿ: ಕಿಂಡಿ ಬಾಯಿಗೇ ಒಡ್ಡಿದರೆ ಇಷ್ಟೆಲ್ಲ ಮಾಡಿದ್ದು ಸಾರಿಗೇ ಹೋಗುತ್ತೆ.