ಸೊಸೆಯ ತಟ್ಟೆ ಬೇರೆ ಇಟ್ಟರೆ ಸಾಕೇ?

ಪ್ರಶ್ನೆ: ಸೊಸೆಗೆ ಎಚ್‌ಐವಿ ಇದೆ. ಮಗ ತೀರಿಕೊಂಡ ಮೇಲೂ ನಮ್ಮಲ್ಲೇ ಇದ್ದಾಳೆ, ಐದು ವರ್ಷದಿಂದ ಎಆರ್‌ಟಿ (ಎಚ್‌ಐವಿಯನ್ನು ಹತೋಟಿಯಲ್ಲಿಡುವ) ಮಾತ್ರೆ ನುಂಗುತ್ತಿದ್ದಾಳೆ. ಅವಳ ತಟ್ಟೆ, ಲೋಟ, ಹಾಸಿಗೆ ಬೇರೆ ಇಟ್ಟಿದ್ದೇವೆ. ದೊಡ್ಡ ಮಗನ ಕೂಸನ್ನು ಎತ್ತಿಕೊಳ್ಳಲು ಬಿಡುವುದಿಲ್ಲ. ಇನ್ನೇನು ಎಚ್ಚರಿಕೆ ಬೇಕು?

ಉತ್ತರ: ಮೊದಲು ಆ ತಟ್ಟೆಯನ್ನು ತಂದು ನಿಮ್ಮ ತಟ್ಟೆಗಳ ಜೊತೆ ಜೋಡಿಸಿ. ಈ ಪ್ರಶ್ನೆಗೆ ಉತ್ತರ ಬರೆದು ಬರೆದು ಬೇಸತ್ತಿದ್ದೇನೆ. ಎಂಜಲು, ಬೆವರು, ಕಣ್ಣೀರಿನಿಂದ ಎಚ್‌ಐವಿ ಅಂಟುವುದಿಲ್ಲ. ಆಕೆ ಕಲಸಿದ ತುತ್ತನ್ನು ಕೂಸು ಉಂಡರೂ ಏನೂ ಆಗದು. ಬ್ಲೇಡು ಮಾತ್ರ ಹಂಚಿಕೊಳ್ಳಬೇಡಿ. ಅದು ಎಲ್ಲ ಮನೆಗಳಿಗೂ ಹೇಳುವ ಮಾತು.

ನನ್ನನ್ನು ಕಾಡುವ ಭಯ ಬೇರೆ. ಗೂಟದಲ್ಲಿ ಒಂಟಿಯಾಗಿ ತೂಗುವ ಲೋಟ ಕಂಡು ನೆರೆಯವರು ಕಾರಣ ಕೇಳುತ್ತಾರೆ. ಆಮೇಲೆ ಆಕೆ ಮಾತ್ರೆ ಡಬ್ಬಿಯ ಚೀಟಿ ಕಿತ್ತು ಅಕ್ಕಿಯಲ್ಲಿ ಹುದುಗಿಸುತ್ತಾಳೆ. ನೆಂಟರು ಬಂದ ದಿನ ನುಂಗುವುದಿಲ್ಲ. ಹತ್ತಿರದ ಎಆರ್‌ಟಿ ಕೇಂದ್ರದಲ್ಲಿ ಪರಿಚಯದವರು ಕಂಡಾರೆಂದು ಪಕ್ಕದ ಜಿಲ್ಲೆಗೆ ಬಸ್ ಹತ್ತುತ್ತಾಳೆ, ಕೈಯಲ್ಲಿ ಕಾಸಿಲ್ಲದ ತಿಂಗಳು ಹೋಗುವುದೇ ಇಲ್ಲ. ಹೀಗೆ ಮಾತ್ರೆ ತಪ್ಪುತ್ತ ಹೋದರೆ ವೈರಸ್ ಔಷಧಕ್ಕೆ ಬಗ್ಗದಂತಾಗುತ್ತದೆ. ಆ ಸ್ಥಿತಿಯಲ್ಲಿ ವಾರ್ಡಿಗೆ ಬಂದವರನ್ನು ನಾನು ಉಳಿಸಿಕೊಳ್ಳಲಾಗದೆ ಕಳೆದುಕೊಂಡಿದ್ದೇನೆ. 2004ರಿಂದ ಸರ್ಕಾರ ಉಚಿತವಾಗಿ ಕೊಡುತ್ತಿರುವ ಮಾತ್ರೆ ಅದು.

ಆಕೆಯ ವೈರಲ್ ಲೋಡ್, ಅಂದರೆ ರಕ್ತದಲ್ಲಿರುವ ವೈರಸ್‌ನ ಪ್ರಮಾಣ, ಎಷ್ಟೆಂದು ಎಂದಾದರೂ ಕೇಳಿದ್ದೀರಾ? ಒಂದು ಮಿಲಿಲೀಟರ್ ರಕ್ತದಲ್ಲಿ ವೈರಸ್‌ನ 200 ಪ್ರತಿಗಳಿಗಿಂತ ಕೆಳಗೇ ಉಳಿದರೆ ಲೈಂಗಿಕ ಸಂಪರ್ಕದಿಂದಲೂ ಸೋಂಕು ದಾಟುವುದಿಲ್ಲ. ಆಕೆ ಮರುಮದುವೆಯ ಮಾತೆತ್ತಿದರೆ ಅಡ್ಡಬರಬೇಡಿ. ಹುಡುಗನಿಗೆ ವಿಷಯ ತಿಳಿದಿರಲಿ, ಅಷ್ಟೆ. ಆಕೆಗೆ ಕೆಮ್ಮು ಬಂದರೆ, ಎಷ್ಟೇ ದಿನದ್ದಾಗಲಿ, ಕ್ಷಯದ ಪರೀಕ್ಷೆ ಮಾಡಿಸಿ. ಎಚ್ಚರಿಕೆ ಬೇಕಾದದ್ದು ಅಲ್ಲಿ.

ಪ್ರಶ್ನೆ: ಸೊಳ್ಳೆಯಿಂದ ಹರಡುತ್ತದೆಯೇ?

ಉತ್ತರ: ಇಲ್ಲ.

ಪ್ರಶ್ನೆ: ಆರು ತಿಂಗಳ ಕಷಾಯದಲ್ಲಿ ಎಚ್‌ಐವಿ ಗುಣವಾಗುತ್ತದಂತೆ, ನಿಜವೇ?

ಉತ್ತರ: ಶುದ್ಧ ಮೋಸ. ಎಆರ್‌ಟಿ ನುಂಗುತ್ತಿರುವವರ ರಕ್ತದಲ್ಲಿ ವೈರಸ್ 'ಪತ್ತೆಯಾಗಿಲ್ಲ' ಎಂದು ಬಂದ ವರದಿಯನ್ನೇ ಹಿಡಿದು ಈ ನಕಲಿ ವೈದ್ಯರು ತಮ್ಮ ಕಷಾಯದ ಗೆಲುವೆಂದು ಸಾರುತ್ತಾರೆ. ನಂಬಿ ಮಾತ್ರೆ ನಿಲ್ಲಿಸಿದರೆ ವೈರಸ್ ಮತ್ತೆ ಏರುತ್ತದೆ.

ಪ್ರಶ್ನೆ: ಕೆಲಸಕ್ಕೆ ಸೇರಲು ಎಚ್‌ಐವಿ ವರದಿ ಕೇಳುತ್ತಿದ್ದಾರೆ.

ಉತ್ತರ: ಕೊಡಬೇಡಿ. 2017ರ ಎಚ್‌ಐವಿ ಕಾಯ್ದೆ ಇದನ್ನು ನಿಷೇಧಿಸಿದೆ, 2018ರ ಸೆಪ್ಟೆಂಬರ್ 10ರಿಂದ ಜಾರಿಯಲ್ಲಿದೆ. ಬರವಣಿಗೆಯಲ್ಲಿ ಕೇಳಲು ಹೇಳಿ, ಬಳಿಕ ಉಚಿತ ಸಹಾಯವಾಣಿ 1097ಕ್ಕೆ ಕರೆ ಮಾಡಿ.