ಮೀಟರ್ ಮುಂದಿನಿಂದ ಮೀಟಬೇಡಿ

ಹಳೆ ಕಾರಿನ ದುಂಡು ಮೀಟರ್‌ಗಳನ್ನು ಸ್ಕ್ರೂಡ್ರೈವರ್‌ನಿಂದ ಮುಂದಿನಿಂದಲೇ ಮೀಟಿ ತೆಗೆಯಬಹುದಾ ಅಂತ ಕೇಳಿದ್ದೀರಿ. ದಯವಿಟ್ಟು ಬೇಡ, ಡ್ಯಾಶ್‌ಬೋರ್ಡ್ ಅಂಚು ಸೀಳುತ್ತದೆ. ಅಂಥ ಮೀಟರ್‌ಗಳನ್ನು ಸಾಮಾನ್ಯವಾಗಿ ಹಿಂದಿನಿಂದ ಒಂದು ಯು ಆಕಾರದ ಪಟ್ಟಿ ಹಿಡಿದಿರುತ್ತದೆ, ಅದಕ್ಕೆ ಒಂದೋ ಎರಡೋ ನಟ್.

ಮೊದಲು ಬ್ಯಾಟರಿಯ ನೆಗೆಟಿವ್ ಬಿಚ್ಚಿ. ವೈರ್‌ಗಳ ಫೋಟೋ ತೆಗೆದಿಡಿ, ನೆನಪಿರುತ್ತೆ ಅಂತ ಸುಮ್ನೆ ನಂಬಬೇಡಿ. ಸ್ಪೀಡೋಮೀಟರ್ ಆದರೆ ಕೇಬಲ್ ಕಳಚಿ. ನಟ್ ಬಿಚ್ಚಿ ಪಟ್ಟಿ ತೆಗೆದ ಮೇಲೆ ಹಿಂದಿನಿಂದ ಮೆಲ್ಲಗೆ ತಳ್ಳಿ, ಮುಂದಕ್ಕೆ ಬರುತ್ತದೆ. ರಬ್ಬರ್ ರಿಂಗ್ ಅಂಟಿಕೊಂಡಿದ್ದರೆ ಹೇರ್ ಡ್ರೈಯರ್‌ನಿಂದ ಸ್ವಲ್ಪ ಬೆಚ್ಚಗೆ ಮಾಡಿ, ಆಚೀಚೆ ತಿರುಗಿಸಿ. ಜಾಸ್ತಿ ಬಿಸಿ ಬೇಡ, ವಿನೈಲ್ ಮುದುಡುತ್ತದೆ.

ಇನ್ನೊಂದು ವಿಷಯ. ಟೆಂಪರೇಚರ್ ಮೀಟರ್‌ಗೆ ವೈರ್ ಬದಲು ತೆಳು ತಾಮ್ರದ ಕೊಳವೆ ಇದ್ದರೆ ಅದನ್ನು ಕತ್ತರಿಸಲೇಬೇಡಿ, ಮೀಟರೇ ಸತ್ತಂತೆ. ಇಂಜಿನ್ ತಣ್ಣಗಾದ ಮೇಲೆ ಕೊಳವೆಯ ಇಂಜಿನ್ ಕಡೆಯ ತುದಿಯ ಬಲ್ಬ್ (ದೀಪವಲ್ಲ, ಬಿಸಿ ಗ್ರಹಿಸುವ ಲೋಹದ ತುದಿ) ಬಿಚ್ಚಿ, ಕೊಳವೆ ಸಮೇತ ಹೊರತೆಗೆಯಿರಿ.